ಟ್ರೇಲರ್ ಎಳೆದು ಘಟ್ಟ ಹತ್ತುವ ಗಾಡಿಗಳ ಎಂಜಿನ್ ಕಾದು ಬಿಸಿಯಾಗುವುದೇಕೆ? ಮೇಸ್ತ್ರಿಯವರೊಂದಿಗೆ ಪ್ರಶ್ನೋತ್ತರ

ಮೇಸ್ತ್ರಿ (ಕಾರವಾರ): ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಬಂತೆಂದರೆ ದೋಣಿಯ ಟ್ರೇಲರ್ ಕಟ್ಟಿಕೊಂಡು ಅರಬೈಲ್, ದೇವಿಮನೆ, ಅಣಶಿ ಘಟ್ಟಗಳನ್ನು ಹತ್ತಿದ ಗಾಡಿಗಳು ನಮ್ಮ ಶೆಡ್ಡಿನ ಮುಂದೆ ಸಾಲುಗಟ್ಟುತ್ತವೆ, ಮತ್ತು ಬಂದವರೆಲ್ಲ ದೊಡ್ಡ ರೇಡಿಯೇಟರ್ ಹಾಕಿ ಎಂದೇ ಮಾತು ಆರಂಭಿಸುತ್ತಾರೆ. ಪ್ರಶ್ನೆ ಕೇಳುವವರು ಗಾಡಿ ಯಾವುದು, ಎಷ್ಟು ಭಾರ ಎಳೆಯುತ್ತದೆ, ಎಲ್ಲಿ ಮತ್ತು ಯಾವ ವೇಗದಲ್ಲಿ ಎಂಜಿನ್ನಿನ ಉಷ್ಣತೆ ತೋರಿಸುವ ಮೀಟರಿನ ಮುಳ್ಳು ಏರುತ್ತದೆ ಎಂಬುದನ್ನು ದಯವಿಟ್ಟು ಬರೆಯಿರಿ. ಇಷ್ಟನ್ನು ಬರೆಯದವರಿಗೆ ಉತ್ತರ ಕೊಡುವುದು ಕಷ್ಟ.

ಬೇಲೇಕೇರಿಯ ಸದಸ್ಯರು: ಮೇಸ್ತ್ರಿಗಳೇ, ನನ್ನದು ಹಳೆಯ ಡೀಸೆಲ್ ಪಿಕಪ್. ಫೈಬರ್ ದೋಣಿ ಮತ್ತು ಟ್ರೇಲರ್ ಸೇರಿ ಸುಮಾರು ಒಂದು ಟನ್ ಆಗುತ್ತದೆ. ಹೆದ್ದಾರಿ 66ರಲ್ಲಿ 60ರ ವೇಗದಲ್ಲಿ ಮುಳ್ಳು ಅಲುಗಾಡುವುದಿಲ್ಲ. ಅರಬೈಲಿನಲ್ಲಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಹತ್ತುವಾಗ ಮಾತ್ರ ಏರುತ್ತಾ ಹೋಗುತ್ತದೆ. ನಾಲ್ಕು ಸಾಲು ಕೊಳವೆಗಳ ದಪ್ಪ ರೇಡಿಯೇಟರ್ ಹಾಕಿಸಬೇಕೆಂದಿದ್ದೇನೆ.

ಮೇಸ್ತ್ರಿ: ಸದ್ಯಕ್ಕೆ ಹಾಕಿಸಬೇಡಿ. ಹೆದ್ದಾರಿಯ ಓಟದಲ್ಲಿ ಗಾಳಿ ತಾನಾಗಿಯೇ ರೇಡಿಯೇಟರಿನೊಳಗೆ ನುಗ್ಗುತ್ತದೆ. ಘಟ್ಟದ ನಿಧಾನದಲ್ಲಿ ಆ ಗಾಳಿಯನ್ನು ಫ್ಯಾನ್ ಎಳೆದು ತರಬೇಕು. ಓಟದಲ್ಲಿ ತಂಪಾಗಿದ್ದು ಏರಿನಲ್ಲಿ ಮಾತ್ರ ಕಾಯುವ ಗಾಡಿಯಲ್ಲಿ ಮೊದಲು ಸಂಶಯಪಡಬೇಕಾದದ್ದು ಫ್ಯಾನಿನ ವಿಸ್ಕಸ್ ಕ್ಲಚ್, ಅಂದರೆ ಬಿಸಿ ಏರಿದಾಗ ಫ್ಯಾನನ್ನು ಎಂಜಿನ್ನಿನೊಂದಿಗೆ ಬಿಗಿಯಾಗಿ ತಿರುಗಿಸುವ ಜೋಡಣೆ. ಅದರೊಳಗಿನ ಸಿಲಿಕೋನ್ ಎಣ್ಣೆ ವರ್ಷಗಳು ಕಳೆದಂತೆ ಸೋರಿಹೋದರೆ ಫ್ಯಾನ್ ತಿರುಗುತ್ತಿರುವಂತೆ ಕಾಣುತ್ತದೆ, ಆದರೆ ಗಾಳಿ ಬರುವುದಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಬಂದ್ ಮಾಡಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಫ್ಯಾನಿನ ಎಲೆಯನ್ನು ತಳ್ಳಿ ನೋಡಿ. ಅದು ಬಿಗಿಯಾಗಿ ನಿಲ್ಲಬೇಕು. ಹಗುರವಾಗಿ ಸುತ್ತು ಸುತ್ತು ತಿರುಗಿದರೆ ಕ್ಲಚ್ ಮುಗಿದಿದೆ. ಓಡುವ ಫ್ಯಾನಿಗೆ ಸುತ್ತಿದ ಪೇಪರ್ ಹಿಡಿಯುವ ವಿಡಿಯೋ ಎಲ್ಲ ಕಡೆ ಹರಿದಾಡುತ್ತಿದೆ. ಅದನ್ನು ನೋಡಿ ಬೆರಳು ಕಳೆದುಕೊಳ್ಳಬೇಡಿ.

ಎರಡನೆಯದಾಗಿ, ಬಂದರಿನಲ್ಲಿ ದೋಣಿ ಇಳಿಸುವ ಗಾಡಿಯಾದ್ದರಿಂದ ರೇಡಿಯೇಟರಿನ ಕೆಳಗಿನ ಅಂಚನ್ನು ಟಾರ್ಚ್ ಹಿಡಿದು ನೋಡಿ, ಕೊಳವೆಗಳ ನಡುವಿನ ತೆಳು ತಗಡುಗಳನ್ನು, ಅಂದರೆ ಫಿನ್ನುಗಳನ್ನು, ಉಗುರಿನಿಂದ ಮೆಲ್ಲಗೆ ಮುಟ್ಟಿ. ಉಪ್ಪು ತಿಂದ ಫಿನ್ನು ಬಿಳಿ ಪುಡಿಯಾಗಿ ಉದುರುತ್ತದೆ. ಒಳಗಿನ ಕೊಳವೆ ಗಟ್ಟಿಯಾಗಿರುವುದರಿಂದ ಒಂದು ಹನಿಯೂ ಸೋರುವುದಿಲ್ಲ, ಹಾಗಾಗಿ ಎಲ್ಲರೂ ರೇಡಿಯೇಟರ್ ಸರಿಯಿದೆ ಎಂದುಕೊಳ್ಳುತ್ತಾರೆ. ಶಾಖವನ್ನು ಗಾಳಿಗೆ ದಾಟಿಸುವ ಫಿನ್ನೇ ಅಲ್ಲಿ ಇರುವುದಿಲ್ಲ. ಹಾಗಿದ್ದರೆ ಬದಲಾಯಿಸಲೇಬೇಕು. ಆಗಲೂ ದಪ್ಪನೆಯ ನಾಲ್ಕು ಸಾಲಿನದನ್ನು ಹುಡುಕುವ ಬದಲು, ನಿಮ್ಮದೇ ಮಾದರಿಯ ಎ.ಸಿ. ಗಾಡಿಗೆ ಕಂಪನಿಯೇ ದೊಡ್ಡ ರೇಡಿಯೇಟರ್ ಕೊಟ್ಟಿದೆಯೇ ಎಂದು ವಿಚಾರಿಸಿ. ರೇಡಿಯೇಟರ್ ದಪ್ಪವಾದಷ್ಟೂ ಅದರೊಳಗಿನಿಂದ ಗಾಳಿ ಎಳೆಯುವುದು ಕಷ್ಟ, ಮತ್ತು ನಿಮ್ಮಲ್ಲಿ ಈಗಾಗಲೇ ಸೋತಿರುವುದು ಫ್ಯಾನ್. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಮುರಿದಿದ್ದರೆ ಅದನ್ನೂ ಹಾಕಿಸಿ. ಅದಿಲ್ಲದಿದ್ದರೆ ಫ್ಯಾನ್ ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ.

ಸಿದ್ದಾಪುರದ ಸದಸ್ಯರು: ಬೇಸಿಗೆಗೆ ಥರ್ಮೋಸ್ಟಾಟ್ ತೆಗೆದುಬಿಟ್ಟರೆ ಒಳ್ಳೆಯದಲ್ಲವೇ?

ಮೇಸ್ತ್ರಿ: ಅಲ್ಲ. ಥರ್ಮೋಸ್ಟಾಟ್ ಎಂದರೆ ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ. ಹಲವು ಎಂಜಿನ್ನುಗಳಲ್ಲಿ ಅದು ಪೂರ್ತಿ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಒಂದು ಪಾಲು ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ.

ಹಳದೀಪುರದ ಸದಸ್ಯರು: ಗುಂಪಿನಲ್ಲಿ ಬಂದದ್ದನ್ನು ಹಾಗೆಯೇ ಹಾಕುತ್ತಿದ್ದೇನೆ: ರೇಡಿಯೇಟರ್ ಸೋರಿದರೆ ಎರಡು ಚಮಚ ಅರಿಸಿನ ಪುಡಿ ಅಥವಾ ಒಂದು ಮೊಟ್ಟೆಯ ಬಿಳಿ ಹಾಕಿದರೆ ಸೋರಿಕೆ ನಿಲ್ಲುತ್ತದೆ, ಎಂಜಿನ್ನೂ ತಂಪಾಗುತ್ತದೆ. ಎಲ್ಲರಿಗೂ ತಲುಪಿಸಿ.

ಮೇಸ್ತ್ರಿ: ದಯವಿಟ್ಟು ಯಾರಿಗೂ ತಲುಪಿಸಬೇಡಿ. ಸೂಜಿಮೊನೆಯಷ್ಟು ತೂತನ್ನು ಮುಚ್ಚುವ ಅರಿಸಿನವು ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಹೀಟರಿನ ಕೊಳವೆಗಳನ್ನೂ ಮುಚ್ಚುತ್ತದೆ; ಎಲ್ಲಿ ನಿಲ್ಲಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಕಾಡಿನ ನಡುವೆ ಸಿಕ್ಕಿಬಿದ್ದವನು ಹತ್ತಿರದ ಊರು ಮುಟ್ಟಲು ಹಾಕಿದರೆ ನಾನು ಆಕ್ಷೇಪಿಸುವುದಿಲ್ಲ, ಆದರೆ ಅದನ್ನೇ ಚಿಕಿತ್ಸೆ ಎಂದು ನಂಬಿ ಮರುವಾರ ಟ್ರೇಲರ್ ಕಟ್ಟಿದವರ ರೇಡಿಯೇಟರುಗಳನ್ನು ಕೊಯ್ದು ನೋಡಿದ್ದೇನೆ, ಒಳಗೆ ಹಳದಿ ಕೆಸರು.

ಶಿರಸಿಯ ಸದಸ್ಯರು: ನಮ್ಮದು ಟ್ರ್ಯಾಕ್ಟರ್, ಟ್ರೇಲರಿನಲ್ಲಿ ಅಡಿಕೆ ಮೂಟೆ. ತೋಟದಿಂದ ಪೇಟೆಗೆ ಬರುವಷ್ಟರಲ್ಲಿ ಮುಳ್ಳು ಕೆಂಪಿನ ಹತ್ತಿರ ಬರುತ್ತದೆ.

ಮೇಸ್ತ್ರಿ: ರೇಡಿಯೇಟರಿನ ಮುಂದಿನ ಜಾಳಿಗೆಯನ್ನು ತೆಗೆದು ಹಿಂದೆ ಏನಿದೆ ನೋಡಿ. ಅಡಿಕೆ ಸಿಪ್ಪೆಯ ನಾರು ಮತ್ತು ಹೊಟ್ಟು ಕಂಬಳಿಯ ಹಾಗೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಹೊರಗೆ, ಸಾಧಾರಣ ಒತ್ತಡದ ನೀರಿನಿಂದ ತೊಳೆಯಿರಿ. ತೊಳೆದ ಮೇಲೂ ಕಾದರೆ ಬರೆಯಿರಿ.

ಮಾಜಾಳಿಯ ಸದಸ್ಯರು: ಘಟ್ಟದ ಮೇಲಿನವರಿಗೆ ಇದೆಲ್ಲ ದೊಡ್ಡ ಸಮಸ್ಯೆಯೇ ಅಲ್ಲ. ನಮ್ಮ ಕರಾವಳಿಯ ಸೆಕೆಯಲ್ಲಿ ಗಾಳಿಯೇ ಒದ್ದೆ, ಒದ್ದೆ ಗಾಳಿಯಿಂದ ಎಂಜಿನ್ ತಂಪಾಗುವುದಾದರೂ ಹೇಗೆ?

ಯಲ್ಲಾಪುರದ ಸದಸ್ಯರು: ಕರಾವಳಿಯವರು ತಮಗೆ ಬೆವರು ಬಂದರೆ ಗಾಡಿಗೂ ಬಂತೆಂದು ತಿಳಿಯುತ್ತಾರೆ. ಹತ್ತುವುದು ಘಟ್ಟವನ್ನು, ಸಮುದ್ರವನ್ನಲ್ಲ.

ಮಾಜಾಳಿಯ ಸದಸ್ಯರು: ಹತ್ತಲು ಶುರು ಮಾಡುವುದು ಕೆಳಗಿನಿಂದಲೇ ಅಲ್ಲವೇ ಸ್ವಾಮಿ? ಮೇಲೆ ಕುಳಿತು ಕೆಳಗಿನ ಸೆಕೆಯ ಬಗ್ಗೆ ಪಾಠ ಹೇಳುವುದು ಸುಲಭ.

ಮೇಸ್ತ್ರಿ: ಇಬ್ಬರೂ ಸ್ವಲ್ಪ ನಿಲ್ಲಿಸಿ. ರೇಡಿಯೇಟರ್ ಬೆವರುವುದಿಲ್ಲ, ಆದ್ದರಿಂದ ಗಾಳಿಯ ತೇವದಿಂದ ಅದಕ್ಕೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಅದು ನೋಡುವುದು ನೀರಿಗೂ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು. ಎಂಜಿನ್ನಿನಲ್ಲಿ ಸುತ್ತುವ ನೀರು, ಅಂದರೆ ಕೂಲೆಂಟ್, 95 ಡಿಗ್ರಿ ಮತ್ತು ಗಾಳಿ 25 ಡಿಗ್ರಿ ಇದ್ದರೆ ಅಂತರ 70. ಗಾಳಿ 38ಕ್ಕೆ ಏರಿದರೆ ಅಂತರ 57. ಅಂದರೆ ಅದೇ ರೇಡಿಯೇಟರ್ ಹೊರಹಾಕುವ ಶಾಖ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಅದೂ ಟ್ರೇಲರಿನ ಭಾರಕ್ಕೆ ಎಂಜಿನ್ ಹೆಚ್ಚು ಶಾಖ ಹುಟ್ಟಿಸುತ್ತಿರುವ ಹೊತ್ತಿನಲ್ಲಿ. ಮಾಜಾಳಿಯವರ ಮಾತಿನಲ್ಲಿ ಹುರುಳಿರುವುದು ಎ.ಸಿ. ಹಾಕಿಕೊಂಡಾಗ. ಒಳಗಿನ ಗಾಳಿಯ ತೇವವನ್ನು ನೀರಾಗಿಸುವ ಶಾಖವನ್ನೂ ಎ.ಸಿ. ಹೊರಹಾಕಬೇಕು, ಅದರ ಕಂಡೆನ್ಸರ್ ಇರುವುದು ರೇಡಿಯೇಟರಿನ ಮುಂದೆ. ಏರಿನಲ್ಲಿ ಎ.ಸಿ. ಬಂದ್ ಮಾಡಿ. ಮುಳ್ಳು ಏರುತ್ತಿದ್ದರೆ ಹೀಟರ್ ಪೂರ್ತಿ ಹಾಕಿ ಕಿಟಕಿ ಇಳಿಸಿ; ಸೆಕೆಯಾಗುತ್ತದೆ, ಆದರೆ ಅದೂ ಒಂದು ಸಣ್ಣ ರೇಡಿಯೇಟರೇ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಏದುಸಿರು ಬಿಡಿಸುವುದಕ್ಕಿಂತ ಎರಡನೇ ಗೇರಿನಲ್ಲಿ ನಿಧಾನವಾಗಿ ಹತ್ತಿದರೆ ಪಂಪು, ಫ್ಯಾನು ಎರಡೂ ಚೆನ್ನಾಗಿ ತಿರುಗುತ್ತವೆ, ಎಂಜಿನ್ನಿನ ಮೇಲಿನ ಹೊರೆಯೂ ಇಳಿಯುತ್ತದೆ.

ಯಲ್ಲಾಪುರದ ಸದಸ್ಯರು: ನಾನು ಹೇಳಿದ್ದೂ ಅದನ್ನೇ.

ಮಾಜಾಳಿಯ ಸದಸ್ಯರು: ನೀವು ಹೇಳಿದ್ದು ಬೆವರಿನ ಬಗ್ಗೆ.

ಹೊನ್ನಾವರದ ಸದಸ್ಯರು: ಕೂಲೆಂಟ್ ಹಸಿರು ಒಳ್ಳೆಯದೋ ಕೆಂಪೋ? ಬಾವಿ ನೀರು ಬೆರೆಸಬಹುದೇ?

ಮೇಸ್ತ್ರಿ: ಬಣ್ಣ ನೋಡಿ ಕೊಳ್ಳಬೇಡಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆಯನ್ನು ಕೊಳ್ಳಿ. ಬಾವಿ ನೀರು ಬೇಡ. ನಿಮ್ಮ ಕಡೆ ಹೊಳೆಯ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಸವಳಾಗುತ್ತವೆ, ಆ ಉಪ್ಪು ಅಲ್ಯೂಮಿನಿಯಂ ತಿನ್ನುತ್ತದೆ. ಡಿಸ್ಟಿಲ್ಡ್ ನೀರನ್ನೇ ಅರ್ಧಕ್ಕರ್ಧ ಬೆರೆಸಿ. ಒಂದು ಬಾರ್ ಒತ್ತಡದ ಮುಚ್ಚಳ ಸರಿಯಿದ್ದರೆ ಆ ಮಿಶ್ರಣ ಸುಮಾರು 129 ಡಿಗ್ರಿಯವರೆಗೆ ಕುದಿಯುವುದಿಲ್ಲ. ತೆಗೆದ ಹಳೆಯ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಅದು ಸಿಹಿ, ನಾಯಿ ಮತ್ತು ದನಗಳು ನೆಕ್ಕುತ್ತವೆ, ಮತ್ತು ಅದು ವಿಷ.

ಜೋಯಿಡಾದ ಸದಸ್ಯರು: ಆಟೋಮ್ಯಾಟಿಕ್ ಗೇರಿನ ಗಾಡಿಗೆ ಗೇರ್ ಎಣ್ಣೆಯ ಕೂಲರ್ ಬೇರೆಯಾಗಿ ಹಾಕಿಸಬೇಕೇ? ರಬ್ಬರ್ ದೋಣಿಗಳ ಟ್ರೇಲರ್ ಎಳೆಯುತ್ತೇನೆ.

ಕುಮಟೆಯ ಸದಸ್ಯರು: ಮೇಸ್ತ್ರಿಗಳೇ, ಮೊನ್ನೆ ದೋಣಿ ಎಳೆದುಕೊಂಡು ದೇವಿಮನೆ ಹತ್ತುವಾಗ ಮುಳ್ಳು ಕೆಂಪು ಮುಟ್ಟಿತು. ನಿಲ್ಲಿಸಲು ಜಾಗವಿಲ್ಲದೆ ಹಾಗೆಯೇ ಹೋದೆ. ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗಿಯೇ ಅರ್ಧಕ್ಕಿಂತ ಕೆಳಗೆ ಇಳಿಯಿತು, ದೇವರು ದೊಡ್ಡವನು ಎಂದುಕೊಂಡೆ. ಶಿರಸಿಯಲ್ಲಿ ತಣ್ಣಗಾದ ಮೇಲೆ ನೋಡಿದರೆ ಮೂರು ಲೀಟರ್ ನೀರು ಹಿಡಿಯಿತು. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ರೇಡಿಯೇಟರಿನ ಮೇಲಿನ ಹೋಸ್ ಗಟ್ಟಿಯಾಗಿರುತ್ತದೆ. ದೊಡ್ಡ ರೇಡಿಯೇಟರಿಗೆ ಮುಂಗಡ ಕೊಟ್ಟಿದ್ದೇನೆ, ಹೆಚ್ಚು ಒತ್ತಡದ ಮುಚ್ಚಳವನ್ನೂ ತರಿಸುತ್ತಿದ್ದೇನೆ. ಇಷ್ಟು ಸಾಕೇ?

ಮೇಸ್ತ್ರಿ: ಉಳಿದವರು ಕ್ಷಮಿಸಿ, ಇವರಿಗೆ ಮೊದಲು ಉತ್ತರಿಸುತ್ತೇನೆ. ಕುಮಟೆಯವರೇ, ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ. ಮುಳ್ಳು ಇಳಿದದ್ದು ಎಂಜಿನ್ ತಂಪಾದುದರಿಂದ ಅಲ್ಲ. ಉಷ್ಣತೆ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಕುದಿದು ಹೊರಬಿದ್ದು ಅದರ ಸುತ್ತ ಬರೀ ಹಬೆ ಉಳಿದಾಗ ಕಡಿಮೆ ತೋರಿಸಬಹುದು. ಮೂರು ಲೀಟರ್ ಕಡಿಮೆಯಾಗಿದ್ದ ನಿಮ್ಮ ಎಂಜಿನ್ ಆ ಹೊತ್ತಿನಲ್ಲಿ ಅತ್ಯಂತ ಬಿಸಿಯಾಗಿತ್ತು, ಮತ್ತು ನೀವು ದೋಣಿ ಎಳೆಯುತ್ತಾ ಏರು ಹತ್ತುತ್ತಿದ್ದಿರಿ. ಅಂಥ ಶಾಖಕ್ಕೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ, ಅದರ ಕೆಳಗೆ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಸುಡುತ್ತದೆ.

ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಬೆಳಗಿನ ಗಟ್ಟಿ ಹೋಸ್. ರಾತ್ರಿಯಿಡೀ ತಣ್ಣಗಾದ ಎಂಜಿನ್ನಿನಲ್ಲಿ ಒತ್ತಡ ಉಳಿಯಲು ಕಾರಣವಿಲ್ಲ. ಸಿಲಿಂಡರಿನ ಗ್ಯಾಸು ಸುಟ್ಟ ಗ್ಯಾಸ್ಕೆಟ್ಟಿನ ಮೂಲಕ ನೀರಿಗೆ ನುಗ್ಗಿದ್ದರೆ ಮಾತ್ರ ಹೀಗಾಗುವುದು ಸಾಮಾನ್ಯ. ಆ ದಾರಿ ಎರಡೂ ಕಡೆಗೆ ತೆರೆದಿರುತ್ತದೆ: ಎಂಜಿನ್ ನಿಂತಾಗ ಅದೇ ಒತ್ತಡ ನೀರನ್ನು ಸಿಲಿಂಡರಿಗೆ ತಳ್ಳುತ್ತದೆ. ನೀರು ಕುಗ್ಗುವುದಿಲ್ಲವಾದ್ದರಿಂದ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಆಗ ಗ್ಯಾಸ್ಕೆಟ್ಟಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಪೂರ್ತಿ ಎಂಜಿನ್ನಿಗೆ ಹೋಗುತ್ತದೆ. ಡೀಸೆಲ್ ಗಾಡಿಯಾದರೆ ಸಿಲಿಂಡರನ್ನು ಬೆಚ್ಚಗಾಗಿಸುವ ಗ್ಲೋ ಪ್ಲಗ್ಗುಗಳನ್ನು ಬಿಚ್ಚಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ನೀರು ಬರುತ್ತದೆಯೇ ನೋಡಬೇಕು. ಆಯಿಲ್ ಕಡ್ಡಿ ಎಳೆದು ನೋಡಿ, ಎಣ್ಣೆ ಹಾಲು ಬೆರೆಸಿದಂತಿದ್ದರೆ ಹೇಳಿ. ಸಿಲಿಂಡರಿನಲ್ಲಿ ನೀರಿಲ್ಲವೆಂದು ಖಚಿತವಾದ ಮೇಲೆ, ಹತ್ತಿರದ ಮೆಕ್ಯಾನಿಕ್ ಕೂಲೆಂಟಿನಲ್ಲಿ ಹೊಗೆಯ ಗ್ಯಾಸು ಇದೆಯೇ ಎಂದು ಬಣ್ಣ ಬದಲಾಗುವ ದ್ರವದಿಂದ ಪರೀಕ್ಷಿಸಲಿ. ಹೆಡ್ ಬಿಚ್ಚಿದರೆ ಅದರ ಮೇಲ್ಮೈ ಬಾಗಿದೆಯೇ ಎಂದು ನೇರ ಪಟ್ಟಿ ಮತ್ತು ಸಂದು ಅಳೆಯುವ ಫೀಲರ್ ಗೇಜಿನಿಂದ ಅಳೆಯದೆ ಹೊಸ ಗ್ಯಾಸ್ಕೆಟ್ ಕೂರಿಸಲು ಬಿಡಬೇಡಿ.

ಹೆಚ್ಚು ಒತ್ತಡದ ಮುಚ್ಚಳ ಬೇಡವೇ ಬೇಡ. ಅದು ಹಳೆಯ ಹೋಸನ್ನೂ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿಯನ್ನೂ ಒಡೆಯುತ್ತದೆ.

ಕುಮಟೆಯ ಸದಸ್ಯರು: ಭಾನುವಾರ ಒಂದು ಬಾಡಿಗೆ ಒಪ್ಪಿಕೊಂಡಿದ್ದೇನೆ. ನೀರು ತುಂಬಿಸಿಕೊಂಡು ನಿಧಾನವಾಗಿ ಹೋದರೆ ಆಗದೇ?

ಮೇಸ್ತ್ರಿ: ಆಗದು.

ಸಿದ್ದಾಪುರದ ಸದಸ್ಯರು: ನಮ್ಮ ತಂದೆಯವರ ಕಾಲದ ಲಾರಿಗಳು ಥರ್ಮೋಸ್ಟಾಟ್ ಇಲ್ಲದೆಯೇ ಓಡಿವೆ, ಯಾವುದೂ ಕೆಡಲಿಲ್ಲ. ಮೇಸ್ತ್ರಿಗಳು ಪುಸ್ತಕ ನೋಡಿ ಹೇಳುತ್ತಿದ್ದಾರೆ.

ಬೇಲೇಕೇರಿಯ ಸದಸ್ಯರು: ಆ ಲಾರಿಗಳು ಘಟ್ಟದಲ್ಲಿ ನಿಂತು ನಿಂತು ನೀರು ಕುಡಿದದ್ದನ್ನೂ ನಾವು ನೋಡಿದ್ದೇವೆ. ಅಂದ ಹಾಗೆ ಮೇಸ್ತ್ರಿಗಳೇ, ಫ್ಯಾನ್ ಬೆರಳಿಗೆ ಗಿರಗಿರನೆ ತಿರುಗಿತು.

ಸಿದ್ದಾಪುರದ ಸದಸ್ಯರು: ನಿಮ್ಮನ್ನು ಯಾರೂ ಕೇಳಲಿಲ್ಲ.

ಮೇಸ್ತ್ರಿ: ಬೇಲೇಕೇರಿಯವರೇ, ಕ್ಲಚ್ ಬದಲಾಯಿಸಿ. ಸಿದ್ದಾಪುರದವರೇ, ಉತ್ತರ ಮೇಲಿದೆ, ಗಾಡಿ ನಿಮ್ಮದು.

ಹಳದೀಪುರದ ಸದಸ್ಯರು: ಇನ್ನೊಂದು ಬಂದಿದೆ: ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಎರಡೇ ನಿಮಿಷದಲ್ಲಿ…

ಮೇಸ್ತ್ರಿ: ಹೆಡ್ ಸೀಳುತ್ತದೆ. ಬಿಸಿ ಇರುವಾಗ ಮುಚ್ಚಳ ತೆರೆದರೆ ಮುಖ ಸುಡುತ್ತದೆ. ಇಂಥವನ್ನು ಇನ್ನು ಇಲ್ಲಿ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಕುಮಟೆಯ ಸದಸ್ಯರು: ಮೆಕ್ಯಾನಿಕ್ ಬಂದಿದ್ದರು. ಎರಡನೇ ಸಿಲಿಂಡರಿನಿಂದ ನೀರು ಚಿಮ್ಮಿತು.

ಮೇಸ್ತ್ರಿ: ಹಾಗಾದರೆ ಬೇರೆ ಪರೀಕ್ಷೆ ಬೇಡ, ಹೆಡ್ ಬಿಚ್ಚಲೇಬೇಕು. ಬಾಡಿಗೆಯವರಿಗೆ ಇಂದೇ ತಿಳಿಸಿ, ರೇಡಿಯೇಟರಿನ ಮುಂಗಡ ವಾಪಸು ಕೇಳಿ. ಖರ್ಚು ಎಷ್ಟೆಂದು ಹೆಡ್ ಅಳೆಯುವ ಮೊದಲು ಯಾರೇ ಹೇಳಿದರೂ ನಂಬಬೇಡಿ.

ಭಟ್ಕಳದ ಸದಸ್ಯರು: ಕುಮಟೆಯವರೇ, ಆ ರೇಡಿಯೇಟರ್ ನಿಮಗೆ ಬೇಡವಾದರೆ ನಾನು ತೆಗೆದುಕೊಳ್ಳುತ್ತೇನೆ.

ಮೇಸ್ತ್ರಿ: ಭಟ್ಕಳದವರೇ, ನಿಮ್ಮದು ಯಾವ ಗಾಡಿ, ಎಲ್ಲಿ ಕಾಯುತ್ತದೆ?