‘ಬಹುಮಾನದಂಡ’: ಬಹುಮಾನವೋ, ದಂಡವೋ?

ಎಲ್ಲರಿಗೂ ನಮಸ್ಕಾರ.

ಮಲ್ಟಿ-ಕ್ರೈಟೀರಿಯ ಡಿಸಿಷನ್ ಅನಾಲಿಸಿಸ್ ಎಂಬ, ಹಲವು ಮಾನದಂಡಗಳನ್ನು ಒಟ್ಟಿಗೆ ತೂಗಿ ತೀರ್ಮಾನಿಸುವ ವಿಧಾನದ ತಂತ್ರಾಂಶವೊಂದರ ಪರದೆಯ ಪದಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗುಡ್ಡ ಕುಸಿಯುವ ಊರುಗಳಲ್ಲಿ ಯಾವ ಜಾಗವನ್ನು ಮೊದಲು ನೋಡಿಕೊಳ್ಳಬೇಕೆಂದು ಊರಿನವರ ಜೊತೆ ಕುಳಿತು ತೀರ್ಮಾನಿಸಲು ಅದು ಬಳಕೆಯಾಗಬೇಕು. ಹೆಸರನ್ನು ‘ಬಹುಮಾನದಂಡ ನಿರ್ಧಾರ ವಿಶ್ಲೇಷಣೆ’ ಎಂದು ಬರೆದಿದ್ದೆ. ಕರಡನ್ನು ಓದಿದ ಅಡಿಕೆ ಬೆಳೆಗಾರರೊಬ್ಬರು ಗಂಭೀರವಾಗಿಯೇ ಕೇಳಿದರು: “ಬಹುಮಾನ ಯಾರಿಗೆ, ದಂಡ ಯಾರಿಗೆ?” ಅಂದಿನಿಂದ ಆ ಪದವನ್ನು ಬೇರೆ ರೀತಿ ಓದಲು ನನ್ನ ಕಣ್ಣು ಒಪ್ಪುತ್ತಿಲ್ಲ. ‘ಹಲವು ಮಾನದಂಡಗಳ ತುಲನೆ’ ಎಂದು ಬಿಡಿಸಿ ಬರೆದರೆ ಸಾಲದೇ?

ವಿಧಾನವೇನೋ ನಮ್ಮ ಕಡೆಗೆ ಹೊಸದಲ್ಲ. ಮಾಧವ ಗಾಡ್ಗೀಳ್ ಸಮಿತಿಯ 2011ರ ವರದಿಯೂ ಪಶ್ಚಿಮ ಘಟ್ಟವನ್ನು ಸುಮಾರು 9 ಕಿ.ಮೀ. ಉದ್ದಗಲದ ಚೌಕಗಳಾಗಿ ವಿಂಗಡಿಸಿ, ಜೀವವೈವಿಧ್ಯ, ಇಳಿಜಾರು, ಎತ್ತರ ಮುಂತಾದವಕ್ಕೆ ಅಂಕ ಕೊಟ್ಟು ಸೂಕ್ಷ್ಮ ವಲಯಗಳನ್ನು ಗುರುತಿಸಿತ್ತು.

ಹಾಗಾಗಿ ಸ್ಕೋರ್‌ಗೆ ‘ಅಂಕ’. ಪ್ರತಿ ಮಾನದಂಡ ಎಷ್ಟು ಮುಖ್ಯವೆಂದು ಹೇಳುವ ವೆಯ್ಟ್‌ಗೆ ‘ತೂಕ’; “ಅವರ ಮಾತಿಗೆ ತೂಕವಿದೆ” ಎನ್ನುವ ಭಾಷೆಗೆ ‘ಭಾರಾಂಕ’ದಂಥ ಭಾರ ಏಕೆ? ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ ಎರಡೆರಡು ಮಾನದಂಡಗಳನ್ನು ಎದುರುಬದುರು ಇಟ್ಟು, ಯಾವುದು ಎಷ್ಟು ಮುಖ್ಯವೆಂದು 1ರಿಂದ 9ರವರೆಗೆ ಅಳೆಯುತ್ತಾರೆ. ಅದಕ್ಕೆ ‘ಜೋಡಿ ಹೋಲಿಕೆ’ ಎಂದಿದ್ದೇನೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡುವ ಟ್ರೇಡ್-ಆಫ್‌ಗೆ ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂಬ ಗಾದೆಯೇ ಇದೆ. ಆದರೆ ಪರದೆಯ ಗುಂಡಿಯೊಳಗೆ ಗಾದೆ ಹಿಡಿಸುವುದಿಲ್ಲ!

ನಿಜವಾಗಿ ಸಿಕ್ಕಿಬಿದ್ದಿರುವುದು ‘ಅಪಾಯ’ದಲ್ಲಿ. ಮಳೆಗೆ ಸಡಿಲಗೊಂಡ ಕಡಿದಾದ ಗುಡ್ಡ ಹ್ಯಾಜರ್ಡ್. ಅದರ ಬುಡದಲ್ಲಿ ಮನೆಯಿದ್ದರೆ, ಕುಸಿತದ ಸಂಭವ ಮತ್ತು ಆಗಬಹುದಾದ ಹಾನಿ ಎರಡೂ ಸೇರಿ ರಿಸ್ಕ್. ಯಾರೂ ಇಲ್ಲದ ಕಾಡಿನಲ್ಲಿ ಅದೇ ಗುಡ್ಡ ಜಾರಿದರೆ ಮನುಷ್ಯರಿಗೆ ರಿಸ್ಕ್ ಇಲ್ಲ. ಕನ್ನಡದಲ್ಲಿ ಎರಡಕ್ಕೂ ‘ಅಪಾಯ’ ಎನ್ನುತ್ತೇವೆ. ‘ಅಪಾಯ ಸಂಭವ’ ಎಂದರೆ ಸಂಭವ ಬಂತು, ಹಾನಿಯ ಪ್ರಮಾಣ ಜಾರಿಹೋಯಿತು. ‘ಗಂಡಾಂತರ’ ಎಂದರೆ ಜಾತಕ ನೋಡಿ ಹೇಳಿದಂತೆ ಕೇಳಿಸುತ್ತದೆ. “ರಿಸ್ಕ್ ಬೇಡ” ಎಂದು ಹಳ್ಳಿಯಲ್ಲೂ ಹೇಳುತ್ತಾರಾದ್ದರಿಂದ, ಹ್ಯಾಜರ್ಡ್‌ಗೆ ‘ಅಪಾಯ’ವನ್ನು ಬಿಟ್ಟುಕೊಟ್ಟು ‘ರಿಸ್ಕ್’ ಅನ್ನು ಹಾಗೆಯೇ ಉಳಿಸಿಕೊಳ್ಳುವ ಕಡೆಗೆ ನನ್ನ ಮನಸ್ಸು ವಾಲುತ್ತಿದೆ.

ಮಲೆನಾಡು, ಕೊಡಗು, ಕರಾವಳಿಯ ಮಾತಿನಲ್ಲಿ ಈ ಎರಡನ್ನು ಬೇರೆ ಮಾಡುವ ಪದವನ್ನು ಯಾರಾದರೂ ಕೇಳಿದ್ದೀರಾ? ನಿಘಂಟಿನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಯಾವ ಸಂದರ್ಭದಲ್ಲಿ ಕೇಳಿದಿರೆಂದು ಬರೆಯಿರಿ.