ಸಹಾಯ ಬೇಕು: ಲೋವರ್ ಆರ್ಮ್ ಮೌಂಟಿಂಗ್‌ಗೇ ತುಕ್ಕು, ಪ್ಲೇಟ್ ಎಷ್ಟು ದಪ್ಪ ಹಾಕಬೇಕು?

ಮಂಗಳೂರಿನ ಗಾಡಿ, 2003ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಪ್ರತ್ಯೇಕ ಛಾಸಿ ಇಲ್ಲದ ಮೊನೊಕಾಕ್ ಬಾಡಿ, ಹಾಗಾಗಿ ತುಕ್ಕು ತಿಂದಿರೋದು ಭಾರ ಹೊರುವ ತಗಡನ್ನೇ.

ಮುಂದೆ ಎಡಗಡೆ ಚಕ್ರವನ್ನು ಬಾಡಿಗೆ ಜೋಡಿಸುವ ಲೋವರ್ ಆರ್ಮ್‌ನ ಹಿಂದಿನ ಬುಷ್ (ರಬ್ಬರ್ ಜೋಡಣೆ) ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ, ಸುಮಾರು 4 ಸೆಂ.ಮೀ. ಉದ್ದಕ್ಕೆ. ಬ್ರೇಕ್ ಹಾಕಿದಾಗ 'ಟಕ್' ಸದ್ದು, ಗಾಡಿ ಎಡಕ್ಕೆ ಎಳೆಯುತ್ತದೆ. ಬುಷ್, ಬಾಲ್ ಜಾಯಿಂಟ್ ಎರಡೂ ಹೊಸವು. ಅಲೈನ್‌ಮೆಂಟ್ ಮಾಡಿಸಿದ ವಾರದೊಳಗೆ ಮತ್ತೆ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಪ್ಪುತ್ತಿದೆ, ಅಂದರೆ ಮೌಂಟಿಂಗೇ ಅಲುಗುತ್ತಿದೆ. ಸ್ಟ್ರಟ್ ಟವರ್ (ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಜಾಗ) ಗಟ್ಟಿ ಇದೆ. ಪಕ್ಕದ ರನ್ನಿಂಗ್ ಬೋರ್ಡ್‌ನ ಡ್ರೈನ್ ತೂತುಗಳು ಅಂಡರ್‌ಕೋಟಿಂಗ್‌ನಿಂದ ಮುಚ್ಚಿ, ಮಳೆನೀರು ಒಳಗೇ ನಿಂತಿತ್ತು. (ಕಪ್ಪಗೆ ಹೊಳೆಯುವ ಕೋಟಿಂಗ್ ನಂಬಬೇಡಿ, ದಯವಿಟ್ಟು ಒಮ್ಮೆ ಕೆರೆದು ನೋಡಿ.)

ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಮಿಗ್ ವೆಲ್ಡಿಂಗ್ (ತಂತಿ, ಗ್ಯಾಸ್ ಬಳಸುವ ವೆಲ್ಡಿಂಗ್) ಮಾಡಿಸುವ ಯೋಚನೆ. ರಾಡ್ ಬಳಸುವ ಆರ್ಕ್ ವೆಲ್ಡಿಂಗ್ ಬೇಡ, ತೆಳು ತಗಡು ಸುಟ್ಟು ತೂತಾಗುತ್ತದೆ. ಆಮೇಲೆ ಹೊರಗೆ ಜಿಂಕ್ ಪ್ರೈಮರ್, ಪೊಳ್ಳಿನೊಳಗೆ ಕ್ಯಾವಿಟಿ ವ್ಯಾಕ್ಸ್. ಬುಷ್ ಬೋಲ್ಟ್ ಕೊನೆಯ ಬಿಗಿತ ಚಕ್ರ ನೆಲದ ಮೇಲಿದ್ದಾಗಲೇ, ಇಲ್ಲದಿದ್ದರೆ ರಬ್ಬರ್ ತಿರುಚಿ ಬೇಗ ಹರಿಯುತ್ತದೆ.

ತಿಳಿದವರು ಹೇಳಿ: ಪ್ಲೇಟ್ 1.6 ಮಿ.ಮೀ. ಸಾಕೋ, 2 ಬೇಕೋ? ತೀರಾ ದಪ್ಪವಾದರೆ ಅಂಚಿನಲ್ಲಿ ಬಿರುಕು ಬರುವ ಭಯ. ಕತ್ತರಿಸುವ ಮುನ್ನ ಬೋಲ್ಟ್ ತೂತಿನ ಜಾಗ ಕದಲದಂತೆ ಜಿಗ್ (ಹಿಡಿದಿಡುವ ಚೌಕಟ್ಟು) ಹೇಗೆ ಕಟ್ಟುತ್ತೀರಿ? ಮಂಗಳೂರು, ಉಡುಪಿ ಕಡೆ ಇಂಥ ಕೆಲಸ ಮಾಡುವ ವರ್ಕ್‌ಶಾಪ್ ಗೊತ್ತಿದ್ದರೆ ತಿಳಿಸಿ. ಅಲ್ಲಿಯವರೆಗೆ ಗಾಡಿ ರಸ್ತೆಗಿಳಿಸುವುದಿಲ್ಲ.