ಹಳಿ, ಕಂಬಿ ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ.

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿ ರೈಲುದಾರಿಯ ಬಗ್ಗೆ ನಮ್ಮೂರ ಶಾಲೆಯ ಮಕ್ಕಳಿಗಾಗಿ ನಾಲ್ಕು ಪುಟ ಬರೆಯುತ್ತಿದ್ದೇನೆ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, ಐವತ್ತು ಅಡಿಗೆ ಒಂದಡಿ ಇಳಿಜಾರು, ಇಷ್ಟನ್ನು ಸಲೀಸಾಗಿ ಬರೆದೆ. ಸೇತುವೆಯ ಮೇಲಿನ ಕಬ್ಬಿಣದ ವಿಷಯಕ್ಕೆ ಬಂದಾಗ ಪದಕ್ಕೆ ತಡಕಾಡುವಂತಾಯಿತು.

ಸೇತುವೆಯ ಮೇಲೆ ಎರಡಲ್ಲ, ನಾಲ್ಕು ಸಾಲು ಕಬ್ಬಿಣ ಇರುತ್ತದೆ. ಹೊರಗಿನ ಎರಡರ ಮೇಲೆ ಗಾಲಿ ಉರುಳುತ್ತದೆ. ಒಳಗಿನ ಎರಡರ ಮೇಲೆ ಏನೂ ಉರುಳುವುದಿಲ್ಲ. ಅಕಸ್ಮಾತ್ ಗಾಲಿ ಕೆಳಗಿಳಿದರೆ ಡಬ್ಬಿ ಪಕ್ಕಕ್ಕೆ ಸರಿದು ಕಣಿವೆಗೆ ಬೀಳದಂತೆ ತಡೆಯುವುದು ಅವುಗಳ ಕೆಲಸ. ರೈಲ್ವೆಯವರು ಗಾರ್ಡ್ ರೈಲ್ ಎನ್ನುತ್ತಾರೆ. ನಾನು ಮೊದಲು ‘ಕಾವಲು ಹಳಿ’ ಎಂದು ಬರೆದೆ. ಮನಸ್ಸಿಗೆ ಒಗ್ಗಲಿಲ್ಲ. ಗಾಲಿಯೇ ಓಡದಿದ್ದರೆ ಅದು ಹಳಿ ಹೇಗಾದೀತು?

ಆಡುಮಾತನ್ನೇ ನೋಡಿ. ರೈಲು ‘ಹಳಿ ತಪ್ಪಿತು’ ಎನ್ನುತ್ತೇವೆ, ‘ಕಂಬಿ ತಪ್ಪಿತು’ ಎಂದವರನ್ನು ನಾನು ಕಂಡಿಲ್ಲ. ಕೆಟ್ಟ ಸಂಸಾರವೂ ‘ಹಳಿಗೆ ಬರುತ್ತದೆ’. ಕಂಬಿಯಾದರೋ ಕೈಗೆ ಸಿಗುವ ವಸ್ತು, ಕಿಟಕಿಯಲ್ಲಿದೆ, ಜೈಲಿನಲ್ಲಿದೆ. 1979ರಲ್ಲಿ ಮೀಟರ್‌ಗೇಜಿನಲ್ಲಿ ಶುರುವಾದ ಈ ದಾರಿಯನ್ನು ಅಗಲ ಮಾಡಿ ಬ್ರಾಡ್‌ಗೇಜಿಗೆ ಬದಲಿಸಲು ಮುಚ್ಚಿದರಲ್ಲ, ಆಗ ನಮ್ಮ ಕಡೆ ಎಲ್ಲರ ಬಾಯಲ್ಲೂ ‘ಕಂಬಿ ಕಿತ್ತಿದ್ದಾರೆ’ ಎಂಬ ಮಾತೇ. ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. ಅಂದರೆ ಹಳಿ ದಾರಿ, ಕಂಬಿ ವಸ್ತು. ನನ್ನ ಕಿವಿಗೆ ಹಾಗೆ ಕೇಳುತ್ತದೆ.

ಆದರೆ ಎತ್ತಿನ ಗಾಡಿಯ ಮರದ ಗಾಲಿಗೆ ಬಿಗಿಯುವ ಕಬ್ಬಿಣದ ಪಟ್ಟಿಯೂ ಹಳಿಯೇ. ಅಜ್ಜನ ಮನೆಯಂಗಳದಲ್ಲಿ ಹಳಿ ಕಟ್ಟುವುದನ್ನು ಕಣ್ಣಾರೆ ಕಂಡಿದ್ದೇನೆ. ಬೆರಣಿ ಪೇರಿಸಿ ಬೆಂಕಿ ಹಾಕಿ, ದೊಡ್ಡ ಬಳೆಯಂಥ ಪಟ್ಟಿ ಕೆಂಪಗೆ ಕಾದಾಗ ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸುತ್ತಿದ್ದರು. ಮರ ಹೊಗೆಯಾಡುತ್ತಿದ್ದಂತೆ ಕೊಡಗಟ್ಟಲೆ ನೀರು. ಚುಯ್ ಎಂದು ಕುಗ್ಗಿದ ಕಬ್ಬಿಣ ಗಾಲಿಯನ್ನು ಕಚ್ಚಿಕೊಳ್ಳುತ್ತಿತ್ತು. ಹಳೆಯ ರೈಲು ಎಂಜಿನ್ನುಗಳ ಗಾಲಿಗೂ ಉಕ್ಕಿನ ಪಟ್ಟಿಯನ್ನು ಹೀಗೇ ಕಾಯಿಸಿ ತೊಡಿಸುತ್ತಿದ್ದರು. ಹಾಗಿದ್ದ ಮೇಲೆ ಹಳಿ ಎಂಬ ಹೆಸರು ಆ ಪಟ್ಟಿಗೇ ಅಂಟಬೇಕಿತ್ತು. ಅದು ನೆಲದ ಮೇಲಿನ ಕಬ್ಬಿಣಕ್ಕೆ ಇಳಿದದ್ದು ಹೇಗೆ? ಗಾಲಿಗೂ ನೆಲಕ್ಕೂ ನಡುವೆ ನಿಂತು ಸವೆಯುವ ಕಬ್ಬಿಣ ಯಾವುದೋ ಅದೇ ಹಳಿ ಎಂದು ನಮ್ಮವರು ತಿಳಿದಿದ್ದರೆ ಸರಿಹೋಗುತ್ತದೆ. ಇದು ನನ್ನ ಊಹೆ, ತಿದ್ದುವವರಿದ್ದರೆ ತಿದ್ದಿ.

ತರೀಕೆರೆ ಕಡೆಯವರಲ್ಲಿ ಒಂದು ವಿಶೇಷ ಕೋರಿಕೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ದಾರಿಯಲ್ಲಿ ಓಡುವ ಪುಟ್ಟ ರೈಲಿತ್ತು. ಕೆಮ್ಮಣ್ಣುಗುಂಡಿಯ ಅದಿರು ಕೂಡ ಬೆಟ್ಟದಿಂದ ರೋಪ್‌ವೇಯಲ್ಲಿ ಇಳಿದು, ಟ್ರಾಂ ಡಬ್ಬಿಗಳಲ್ಲಿ ಭದ್ರಾವತಿ ಕಾರ್ಖಾನೆಗೆ ಹೋಗುತ್ತಿತ್ತು. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿಸತೊಡಗಿದ್ದು ಇದೇ ಮಲೆನಾಡಿನ ಕಾಡಿನ ಇದ್ದಿಲಿನಿಂದ. ಕೆಂಪು ಮಣ್ಣಿನ ಗುಂಡಿ ಎಂದು ಊರಿನ ಹೆಸರಿನಲ್ಲೇ ಅದಿರನ್ನು ಗುರುತಿಸಿದ ಜನ, ಆ ಪುಟ್ಟ ದಾರಿಯ ಕಬ್ಬಿಣಕ್ಕೆ ಏನೆನ್ನುತ್ತಿದ್ದರು? ಟ್ರಾಂ ಕಂಬಿಯೋ, ಹಳಿಯೋ, ಬೇರೆ ಮಾತೇ ಇತ್ತೋ? ನಿಮ್ಮ ಮನೆಯ ಹಿರಿಯರನ್ನು ದಯವಿಟ್ಟು ಕೇಳಿ ಬರೆಯಿರಿ.

ಸದ್ಯಕ್ಕೆ ‘ಕಾವಲು ಕಂಬಿ’ ಎಂದು ತಿದ್ದಿದ್ದೇನೆ. ಮಕ್ಕಳು ಓದುವಾಗ ಕಿಟಕಿಯ ಕಂಬಿ ನೆನಪಾಗಿ ದಾರಿ ತಪ್ಪುತ್ತಾರೆಯೇ?